ಕತ್ತಿಯೂ ಹೌದು, ಪಿಸ್ತೂಲೂ ಹೌದು!

ಓದುಗ ಸೋದರಿಯರೇ, ಉಪ್ಪಿನಕಾಯಿ, ಕಸೂತಿ, ಕೂದಲ ಆರೈಕೆ ಅಂತ ಓದಿ ಅಭ್ಯಾಸವಾದ ನಿಮಗೆ ಈ ತಲೆಬರಹ ನೋಡಿ, "ಇದೇನಪ್ಪಾ, ಹೆಂಗಸರ ಪತ್ರಿಕೆಯಲ್ಲಿ ಕೋವಿ, ಕತ್ತಿ ಮಾತು!" ಅನ್ನಿಸಿರಬೇಕು. ನಮ್ಮ ಮನೆಯಲ್ಲಿ ಈ ಮಾತು ಏಳುವವರೆಗೂ ನಾನೂ ಹಾಗೇ ಅನ್ನುತ್ತಿದ್ದವಳೇ. ಗಂಡುಹುಡುಗರನ್ನು ಸಾಕುತ್ತಿರುವ ತಾಯಂದಿರಾದರೂ ಇದನ್ನು ಕೊನೆಯವರೆಗೆ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಇತ್ತು. ಮನೆ ಗುಡಿಸಿ ಒರೆಸುವ ಸಂಭ್ರಮದಲ್ಲಿ ಮಗನ ಮೇಜಿಗೂ ಕೈ ಹಾಕಿದೆ. ಅವನು ಡಿಪ್ಲೊಮಾ ಎರಡನೇ ವರ್ಷ, ಮೆಕ್ಯಾನಿಕಲ್. ಪುಸ್ತಕದ ಕೆಳಗೆ ದೊಡ್ಡ ಡ್ರಾಯಿಂಗ್ ಹಾಳೆ. ಬಿಡಿಸಿ ನೋಡಿದರೆ ಒಂದು ಕತ್ತಿ. ಕತ್ತಿಯ ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ನಳಿಗೆ. ಹಿಡಿಯ ಹತ್ತಿರ ಪಿಸ್ತೂಲಿನ ಕುದುರೆ. ಪ್ರತಿಯೊಂದಕ್ಕೂ ಮಿಲಿಮೀಟರಿನಲ್ಲಿ ಅಳತೆ, ಅಚ್ಚುಕಟ್ಟಾದ ಗೆರೆಗಳು. ಮೇಜಿನ ಖಾನೆಯಲ್ಲಿ ಹಳೇ ಟವೆಲಿನಲ್ಲಿ ಸುತ್ತಿಟ್ಟಿದ್ದ ಗೇಣುದ್ದದ ಕಬ್ಬಿಣದ ಪೈಪು!

ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಜರಗನಹಳ್ಳಿ ನಿಮಗೆ ಗೊತ್ತಿರಬಹುದು, ಕನಕಪುರ ರಸ್ತೆಯ ಮಗ್ಗುಲಲ್ಲಿದೆ. ಗಲ್ಲಿಯಲ್ಲಿ ಲೇತ್ ಮಿಷನ್ನಿನ ಸದ್ದು ಕೇಳಿಕೊಂಡೇ ಬೆಳೆದ ಹುಡುಗ. ಸ್ನೇಹಿತನ ಚಿಕ್ಕಪ್ಪನದೇ ಒಂದು ವರ್ಕ್‌ಶಾಪ್ ಇದೆ. ಮನಸ್ಸು ಮಾಡಿದರೆ ಹಾಳೆಯ ಮೇಲಿದ್ದದ್ದು ಕೈಗೆ ಬರಲು ಎಷ್ಟು ಹೊತ್ತು ಬೇಕು ಹೇಳಿ!

ಸಂಜೆ ಬಂದವನಿಗೆ ಕಾಫಿ ಕೊಟ್ಟು, ಹಾಳೆಯನ್ನು ಎದುರಿಗೆ ಇಟ್ಟೆ. ಕೂಗಾಡಲಿಲ್ಲ. ಕೂಗಾಡಿದರೆ ಅವರು ಬಾಯಿ ಮುಚ್ಚಿಬಿಡುತ್ತಾರೆ ಅನ್ನುವುದು ಇಷ್ಟು ವರ್ಷಕ್ಕೆ ಗೊತ್ತಾಗಿದೆ.

"ಅಯ್ಯೋ ಅಮ್ಮ, ಯಾರನ್ನೂ ಹೊಡೆಯೋಕಲ್ಲಮ್ಮ. ಇದು ಹಳೇ ಕಾಲದ ಕಲೆ. ಮ್ಯೂಸಿಯಮ್ಮಲ್ಲೆಲ್ಲ ಇದೆ. ಕೈಯಲ್ಲೇ ಮಾಡ್ತಿದ್ರು, ಗೊತ್ತಾ?" ಅಂದ. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ಸುಳ್ಳಲ್ಲ, ಕಣ್ಣಿಗೆ ಹಬ್ಬದಂಥ ಕೆಲಸ! ರಾಜಸ್ಥಾನದ ಬೂಂದಿಯ ಕಡೆ ಮಾಡಿದ ಕಠಾರಿಗಳಿವೆ. ಮುಷ್ಟಿಯಲ್ಲಿ ಹಿಡಿದು ಚುಚ್ಚುವ ಅಗಲ ಅಲಗು, ಅದರ ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ಪಿಸ್ತೂಲು, ಮೇಲೆಲ್ಲ ಚಿನ್ನದ ಹೂಬಳ್ಳಿ. ಜರ್ಮನಿಯಲ್ಲಿ 16ನೇ ಶತಮಾನದಲ್ಲೇ ಬೇಟೆಕತ್ತಿಗೆ ಪಿಸ್ತೂಲು ಸೇರಿಸಿದ್ದರಂತೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ ಅಂಥದೊಂದರ ಅಲಗಿನ ಮೇಲೆ ಹಲವು ವರ್ಷಗಳ ಕ್ಯಾಲೆಂಡರನ್ನೇ ಕೊರೆದಿದ್ದಾರೆ. ಕತ್ತಿ, ಪಿಸ್ತೂಲು, ಪಂಚಾಂಗ ಮೂರೂ ಒಂದರಲ್ಲೇ! ಇಂಗ್ಲೆಂಡಿನ ಶೆಫೀಲ್ಡ್ ಊರಿನ ಅನ್ವಿನ್ ಅಂಡ್ ರಾಜರ್ಸ್ ಎಂಬ ಚಾಕು ತಯಾರಕರು 19ನೇ ಶತಮಾನದಲ್ಲಿ ಜೇಬಿನ ಮಡಿಸುವ ಚಾಕುವಿಗೇ ಸಣ್ಣ ನಳಿಗೆ ಕೂಡಿಸಿ ಮಾರಿದರು. ನಮ್ಮ ಶ್ರೀರಂಗಪಟ್ಟಣವೇನು ಕಡಿಮೆಯೇ? ಟಿಪ್ಪುವಿನ ಕಾರ್ಖಾನೆಗಳಲ್ಲಿ ಆದ ಚಕಮಕಿ ಪಿಸ್ತೂಲುಗಳ ಮೇಲೆ ಹುಲಿಯ ಮುಖ, ಹುಲಿಯ ಪಟ್ಟೆ ಕೆತ್ತಿದ್ದಾರೆ. ಅವು ಕತ್ತಿ ಸೇರಿದವಲ್ಲ, ಬರೀ ಪಿಸ್ತೂಲು. ಕೈಕೆಲಸ ಮಾತ್ರ ಯಾವ ಆಭರಣಕ್ಕೂ ಕಡಿಮೆಯಿಲ್ಲ.

ಹೀಗಿರುವಾಗ ಹುಡುಗನ ಮನಸ್ಸು ಸೋತದ್ದನ್ನು ತಪ್ಪು ಅನ್ನಲೇ?

ಕೈ ಎಲ್ಲಿರುತ್ತೆ?

ಮೂತಿಯಿಂದ ತುಂಬುವ ಪಿಸ್ತೂಲು ಅಂದರೇನು ಅಂತ ನನಗೆ ಆಗ ಗೊತ್ತಿರಲಿಲ್ಲ. ಮಗನೇ ಹೇಳಿದ. ಈಗಿನ ಪಿಸ್ತೂಲಿಗೆ ಹಿಂದಿನಿಂದ ತೋಟಾ ಹಾಕುತ್ತಾರೆ. ಹಳೆಯದಕ್ಕೆ ಹಾಗಲ್ಲ. ನಳಿಗೆಯ ಬಾಯಿಂದಲೇ ಮೊದಲು ಮದ್ದು ಸುರಿದು, ಆಮೇಲೆ ಗುಂಡು ಇಟ್ಟು, ಒಂದು ಸಲಾಕೆಯಿಂದ ತಳದವರೆಗೆ ದೂಡಿ ಕೂರಿಸಬೇಕು. ಬೆಂಕಿ ಹತ್ತಿಸುವುದಕ್ಕೆ ಮೊದಲು ಚಕಮಕಿ ಕಲ್ಲಿನ ಕಿಡಿ ಇತ್ತು, 19ನೇ ಶತಮಾನದಲ್ಲಿ ಕೇಪು ಬಂತು. ಒಂದು ಸಲ ಹಾರಿಸಿದರೆ ಮತ್ತೆ ಮೊದಲಿಂದ ಎಲ್ಲ ಆಗಬೇಕು.

ನಾನು ಹೈಸ್ಕೂಲು ಓದಿದವಳು, ಇಂಜಿನಿಯರಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ಈಳಿಗೆ ಮಣೆಯ ಮುಂದೆ ಕೂತಿದ್ದೇನೆ. ಅಲಗು ಎಲ್ಲಿದೆ, ಬೆರಳು ಎಲ್ಲಿದೆ ಅನ್ನುವ ಲೆಕ್ಕ ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ. ಆ ಹಾಳೆಯನ್ನು ಇನ್ನೊಮ್ಮೆ ನೋಡಿ ಒಂದೇ ಪ್ರಶ್ನೆ ಕೇಳಿದೆ.

"ಅಲ್ಲ ಕಣೋ, ಅಲಗು ನಳಿಗೆಯ ಬಾಯಿಗಿಂತ ಒಂದು ಗೇಣು ಮುಂದಕ್ಕೆ ಚಾಚಿದೆ. ಮದ್ದು ತುಂಬುವಾಗ, ಸಲಾಕೆ ದೂಡುವಾಗ, ಕೈ ಎಲ್ಲಿರುತ್ತೆ?"

ಅವನು ಹಾಳೆ ನೋಡಿದ. ತನ್ನ ಕೈ ನೋಡಿಕೊಂಡ. ಮಾತಾಡಲಿಲ್ಲ. ಸಲಾಕೆ ಹಿಡಿದ ಬೆರಳುಗಳು ಅಲಗಿನ ಬಾಯಿಯ ಉದ್ದಕ್ಕೇ ಮೇಲೆ ಕೆಳಗೆ ಓಡಾಡಬೇಕು! ಅದೂ ಮದ್ದು ತುಂಬಿದ ನಳಿಗೆಯ ಎದುರಿಗೆ!

ಆಮೇಲೆ ಅವನೇ ಹುಡುಕಿ ಇನ್ನೊಂದು ಕಥೆ ಹೇಳಿದ. ಜಾರ್ಜ್ ಎಲ್ಗಿನ್ ಎಂಬುವನು ರೂಪಿಸಿದ ಕತ್ತಿ-ಪಿಸ್ತೂಲನ್ನು 1838ರಲ್ಲಿ ಅಮೆರಿಕದ ನೌಕಾಪಡೆ ಒಂದು ದೂರದ ಸಮುದ್ರಯಾನಕ್ಕಾಗಿ ಕೊಂಡಿತ್ತು. ನಳಿಗೆಯ ಕೆಳಗೇ ದಪ್ಪ ಅಲಗು. ಕೊಂಡದ್ದು 150 ಮಾತ್ರ. ಮುಂದೆ ಅಂಥ ಜೋಡಿ ಆಯುಧ ಅಲ್ಲಿನ ಪಡೆಯಲ್ಲಿ ಬೇರೂರಲೇ ಇಲ್ಲ. ಕತ್ತಿಯಾಗಿ ಹಿಡಿದರೆ ಭಾರ, ಪಿಸ್ತೂಲಾಗಿ ಹಿಡಿದರೆ ಮೂತಿ ಬಗ್ಗುತ್ತೆ. ತುರಿಯುವ ಮಣೆಯನ್ನೂ ಈಳಿಗೆಯನ್ನೂ ಒಂದೇ ಮಣೆಗೆ ಜೋಡಿಸಿದ್ದನ್ನು ನಾನೂ ಒಮ್ಮೆ ಜಾತ್ರೆಯಲ್ಲಿ ಕೊಂಡಿದ್ದೆ. ತರಕಾರಿ ಹೆಚ್ಚುವಾಗ ತುರಿಮಣೆಯ ಹಲ್ಲು ಮೊಣಕೈಗೆ ಗೀರುತ್ತಿತ್ತು. ಅಟ್ಟ ಸೇರಿತು.

ಇಷ್ಟಕ್ಕೆ ಅವನ ಹಟ ಇಳಿಯಿತು ಅಂದುಕೊಳ್ಳಬೇಡಿ. "ಅಲಗು ಮಡಿಸೋ ಹಾಗೆ ಮಾಡ್ತೀನಿ. ಅಮೆರಿಕದಲ್ಲಿ ಇದನ್ನು ಮನೆಯಲ್ಲೇ ಮಾಡ್ತಾರಮ್ಮ, ತಪ್ಪೇನಿಲ್ಲ" ಅಂದ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಅದಕ್ಕೆ ಉತ್ತರ ಕೊಟ್ಟರು. ಅಮೆರಿಕದ 1968ರ ಕೇಂದ್ರ ಕಾನೂನಿನಲ್ಲಿ ಹಳೇ ಮಾದರಿಯ, ಮೂತಿಯಿಂದ ತುಂಬುವ ಕೋವಿಗಳಿಗೆ ಬಹುಮಟ್ಟಿಗೆ ವಿನಾಯಿತಿ ಇದೆ, ಅದಕ್ಕೇ ಅಲ್ಲಿನ ಹವ್ಯಾಸಿಗಳು ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಆ ವಿನಾಯಿತಿ ಇಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದಿರಲಿ, ರಿಪೇರಿ ಮಾಡುವುದು, ಪರೀಕ್ಷಿಸುವುದೂ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ತಯಾರಿಸಿದವರಿಗೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು.

"ಕಲೆಗೋಸ್ಕರ ಮಾಡಿದೆ ಅಂದ್ರೆ ಜಡ್ಜ್ ಸಾಹೇಬರು ಚಪ್ಪಾಳೆ ತಟ್ತಾರಾ?" ಅಂದರು ಇವರು. ಮಗ ತಟ್ಟೆ ನೋಡುತ್ತಾ ಕೂತ.

ಒಂದು ಮಾತು ನಿಮಗೂ ತಿಳಿದಿರಲಿ. ಈ ಕಾಯ್ದೆ ಓದಿ ನನಗೆ ನಮ್ಮ ಈಳಿಗೆ, ಕುಡುಗೋಲುಗಳ ಚಿಂತೆ ಹತ್ತಿತ್ತು! ಚಿಂತೆ ಬೇಡ. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ ವಸ್ತುಗಳನ್ನು ಕಾಯ್ದೆ ಆಯುಧ ಅಂತ ಎಣಿಸುವುದಿಲ್ಲ. ಹಾಗಲ್ಲದ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚಾಕುಗಳು ಆಯುಧದ ಪಟ್ಟಿಗೆ ಬರುತ್ತವೆ.

ಕೊಡಗಿನ ಅಜ್ಜ ತೋರಿಸಿದ್ದು

ಬೇಡ ಅಂದರೆ ಹುಡುಗರ ಆಸೆ ಸಾಯುತ್ತದೆಯೇ? ಬೇರೆ ಕಡೆ ತಿರುಗಿಸಬೇಕು. ವಿರಾಜಪೇಟೆ ಕಡೆ ಇವರ ಹಳೇ ಸ್ನೇಹಿತರೊಬ್ಬರ ಮನೆಯಿದೆ. "ಕೈಲ್‌ಪೊಳ್ದ್‌ಗೆ ಬನ್ನಿ" ಅಂತ ಎಷ್ಟೋ ವರ್ಷದಿಂದ ಕರೆಯುತ್ತಿದ್ದರು. ನಿಜವಾದ ಕತ್ತಿ, ನಿಜವಾದ ಕೋವಿ ಎರಡನ್ನೂ ಒಂದೇ ಮನೆಯಲ್ಲಿ ನೋಡಬೇಕಾದರೆ ಕೊಡಗನ್ನು ಬಿಟ್ಟು ಇನ್ನೆಲ್ಲಿಗೆ ಹೋಗುವುದು? ಸೆಪ್ಟೆಂಬರ್ ಎರಡರ ರಾತ್ರಿ ಬಸ್ ಹತ್ತಿದೆವು.

ನಾಟಿ ಕೆಲಸವೆಲ್ಲ ಮುಗಿದ ಮೇಲೆ ಬರುವ ಆಯುಧಪೂಜೆ ಅದು. ದೇವರ ಕೋಣೆಯಲ್ಲಿ ಕೋವಿಗಳನ್ನು ಸಾಲಾಗಿ ಒರಗಿಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿದ್ದರು. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ನಾವು ಗೌರಿ ಹೂ ಅನ್ನುತ್ತೇವಲ್ಲ, ಬೆಂಕಿಯ ನಾಲಿಗೆಯ ಹಾಗೆ ಕೆಂಪು ಹಳದಿ ಎಸಳಿನದು, ಅದೇ. ಪೂಜೆಯಾದ ಮೇಲೆ ಗಂಡಸರು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದರು. ಅಡಿಗೆಮನೆಯಲ್ಲಿ ಅಕ್ಕಿತರಿಯ ಕಡಂಬುಟ್ಟು ಹಬೆಯಲ್ಲಿ ಬೇಯುತ್ತಿತ್ತು. ಅದಕ್ಕೆ ಅವರಲ್ಲಿ ಪಂದಿ ಕರಿಯೇ ಜೋಡಿ, ನಾವು ತಿನ್ನುವುದಿಲ್ಲವೆಂದು ನಮಗೆ ಬೈಂಬಳೆ, ಅಂದರೆ ಎಳೇ ಬಿದಿರಿನ ಪಲ್ಯ ಮಾಡಿದ್ದರು. ಅದರ ವಿಧಾನ ಬರೆದುಕೊಂಡು ಬಂದಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ.

ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಸುತ್ತಿ, ಅದರ ಮುಂಭಾಗದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡಿದ್ದರು. ನನ್ನ ಮಗನ ಕಣ್ಣು ಅದರ ಮೇಲೇ. ಅಜ್ಜ ಬಿಚ್ಚಿ ಕೊಟ್ಟರು. ಬೆಳ್ಳಿ ಹೊದಿಸಿದ ಒರೆ, ಬೆಳ್ಳಿಯ ಸರಪಳಿ, ಹಿಡಿಯಲ್ಲಿ ಸೂಕ್ಷ್ಮ ಕೆತ್ತನೆ. ಒಡಿಕತ್ತಿಯನ್ನೂ ತಂದು ತೋರಿಸಿದರು. ಅದು ಅಗಲವಾಗಿ ಬಾಗಿದ ಯುದ್ಧದ ಕತ್ತಿ. ಅದಕ್ಕೆ ಒರೆಯಿಲ್ಲ, ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ತೂಗಿಸಿಕೊಳ್ಳುತ್ತಾರೆ. ಈಗ ಅದರ ಕೆಲಸ ಮದುವೆಯಲ್ಲಿ ಬಾಳೆಯ ಕಂದು ಕಡಿಯುವುದು. ಕೊನೆಗೆ ಗೋಡೆಯ ಮೇಲಿದ್ದ ಒಂಟಿ ನಳಿಗೆಯ ಕೇಪಿನ ಕೋವಿ ಇಳಿಸಿದರು.

ಮಗ ಬ್ಯಾಗಿನಿಂದ ಹಾಳೆ ತೆಗೆದು ಅಜ್ಜನ ಮುಂದೆ ಹರಡಿದ! ತಂದಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಕೈ ಒಳ್ಳೇದಿದೆ ಮಗಾ" ಅಂದರು. ಆಮೇಲೆ ತಮ್ಮ ಎಡಗೈ ಎತ್ತಿ ತೋರಿಸಿದರು. ಕಿರುಬೆರಳು, ಉಂಗುರದ ಬೆರಳು ಬುಡದಿಂದಲೇ ಇಲ್ಲ. ಬೆಳಗಿನಿಂದ ನೋಡುತ್ತಿದ್ದೆನಾದರೂ ಕೇಳುವುದು ಹೇಗೆಂದು ಸುಮ್ಮನಿದ್ದೆ.

"ನಿನ್ನ ವಯಸ್ಸೇ ಇರಬೇಕು ನನಗೆ. ಸ್ನೇಹಿತ ಒಬ್ಬ ಪೈಪಿನಲ್ಲಿ ಕೋವಿ ಮಾಡಿದ್ದ. ಒಳ್ಳೆ ಕೆಲಸಗಾರ. ಮೊದಲನೇ ಈಡು ಸರಿಯಾಗಿ ಹಾರಿತು. ಎರಡನೇದೂ ಹಾರಿತು. ಮೂರನೇದಕ್ಕೆ ನಳಿಗೆ ಬಾಳೆಹೂವಿನ ಹಾಗೆ ಬಿಚ್ಚಿಕೊಂಡಿತು. ಅವನಿಗೆ ಒಂದು ಕಣ್ಣು ಹೋಯಿತು, ನನಗೆ ಇದು."

ಮಗ ನನ್ನ ಕಡೆ ನೋಡಿದ. ಮನೆಯ ಖಾನೆಯಲ್ಲಿದ್ದದ್ದೂ ಪೈಪೇ ಅಲ್ಲವೇ.

ಅಜ್ಜ ನಿಧಾನವಾಗಿ ವಿವರಿಸಿದರು. ನೀರಿನ ಪೈಪನ್ನು ತಗಡು ಸುತ್ತಿ ಉದ್ದಕ್ಕೂ ಬೆಸುಗೆ ಹಾಕಿ ಮಾಡಿರುತ್ತಾರೆ. ನೀರಿನ ಒತ್ತಡವೇ ಬೇರೆ, ಮದ್ದು ಉರಿದಾಗಿನ ಒತ್ತಡವೇ ಬೇರೆ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹೊರಗೆ ಕಾಣುವುದಿಲ್ಲ, ಪ್ರತಿ ಈಡಿಗೂ ಅದು ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಕೋವಿ ಮಾರುವ ಮೊದಲು ಪ್ರೂಫ್ ಹೌಸಿನಲ್ಲಿ ಬೇಕೆಂದೇ ಹೆಚ್ಚು ಮದ್ದು ತುಂಬಿ ಹಾರಿಸಿ, ತಾಳಿಕೊಂಡ ನಳಿಗೆಗೆ ಮಾತ್ರ ಮುದ್ರೆ ಹೊಡೆಯುತ್ತಾರೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸು 1813ರ ಕಾನೂನಿನಿಂದ ಆದದ್ದು.

"ಇನ್ನೊಂದು ನೋಡು" ಅಂತ ಪೀಚೆಕತ್ತಿಯನ್ನೂ ಕೋವಿಯನ್ನೂ ಅಕ್ಕಪಕ್ಕ ಇಟ್ಟರು. "ಅಲಗಿಗೆ ಬಿರುಸು ಬೇಕು, ಇಲ್ಲದಿದ್ರೆ ಹರಿತ ನಿಲ್ಲೋಲ್ಲ. ನಳಿಗೆಗೆ ಆ ಬಿರುಸು ಬಂದ್ರೆ ಗಾಜಿನ ಹಾಗೆ ಒಡೀತದೆ, ಅದಕ್ಕೆ ತಾಳಿಕೆ ಬೇಕು. ಒಂದಕ್ಕೆ ಕೊಡೋ ಹದ ಇನ್ನೊಂದಕ್ಕೆ ವಿಷ. ಎರಡನ್ನೂ ಒಂದೇ ತುಂಡಲ್ಲಿ ಹೇಗೆ ಮಾಡ್ತೀ?"

ಹಳೇ ಕಾಲದವರು ಬೇರೆ ಬೇರೆ ಮಾಡಿ ಆಮೇಲೆ ಜೋಡಿಸುತ್ತಿದ್ದರು ಅಂತ ಮಗ ಅಂದ. "ಹೌದು, ಅರಮನೆಯವರು ಸಂಬಳ ಕೊಡ್ತಿದ್ರು" ಅಂದರು ಅಜ್ಜ. ಎಲ್ಲರೂ ನಕ್ಕೆವು.

ಕೊಡಗಿನವರಿಗೆ ಕೋವಿಗೆ ಲೈಸೆನ್ಸ್ ಬೇಡವಂತಲ್ಲ, ಅಂತ ನಾನು ಕೇಳಿದೆ. ಆ ವಿನಾಯಿತಿ 1861ರಿಂದ ಬಂದದ್ದು. 1857ರ ದಂಗೆಯ ನಂತರ ಇಡೀ ದೇಶದಲ್ಲಿ ಜನರ ಆಯುಧ ಕಿತ್ತುಕೊಂಡಾಗ ಕಮೀಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಬಿಟ್ಟುಕೊಟ್ಟರು. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ. ಸ್ವಾತಂತ್ರ್ಯದ ಮೇಲೂ, 1963ರಲ್ಲಿ, ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿದರು. ಹೈಕೋರ್ಟಿನಲ್ಲಿ ಕೆಲವರು ಪ್ರಶ್ನಿಸಿದಾಗ 2021ರ ಸೆಪ್ಟೆಂಬರಿನಲ್ಲಿ ಅದು ಸರಿಯೆಂದು ತೀರ್ಪಾಯಿತು.

"ಆದರೆ ನೋಡಮ್ಮ," ಅಂದರು ಅಜ್ಜ, "ವಿನಾಯಿತಿ ಇರೋದು ಇಟ್ಟುಕೊಳ್ಳೋದಕ್ಕೆ. ಹೊಸದು ಮಾಡೋದಕ್ಕಲ್ಲ. ಇದರ ಕುದುರೆ ಸಡಿಲ ಆದ್ರೂ ಲೈಸೆನ್ಸ್ ಇರೋ ಅಂಗಡಿಗೇ ಕೊಡಬೇಕು."

ಗಂಡು ಮಗು ಹುಟ್ಟಿದರೆ ಒಂದು ಈಡು ಹಾರಿಸುತ್ತಾರೆ, ಮನೆಯಲ್ಲಿ ಸಾವಾದರೆ ಎರಡು. ಹುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಈಡು ಹಾರುತ್ತದೆ. ಕೋವಿ ಅವರ ಮನೆಯ ಸುಖದುಃಖದಲ್ಲಿ ಹೀಗೆ ಸೇರಿಹೋಗಿದೆ. ಮನೆಯ ಸೊಸೆ ಮಕ್ಕಳನ್ನು ಕೋವಿಯ ಹತ್ತಿರ ಸುಮ್ಮನೆ ಸುಳಿಯಲೂ ಬಿಡದೆ ಗದರಿಸುತ್ತಿದ್ದುದನ್ನು ನಾನು ಗಮನಿಸಿದೆ.

ಕುಲುಮೆಯ ಭಾನುವಾರಗಳು

ಊರಿಗೆ ಬಂದ ಮಾರನೇ ದಿನ ಪೈಪು ಹಳೇ ಕಬ್ಬಿಣದವನ ಪಾಲಾಯಿತು. ಹಾಳೆಯನ್ನು ಅವನು ಹರಿಯಲಿಲ್ಲ, ಹರಿ ಅಂತ ನಾನೂ ಹೇಳಲಿಲ್ಲ. ನಕ್ಷೆ ನಿಜಕ್ಕೂ ಚೆನ್ನಾಗಿತ್ತು.

ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಆಚೆ ಒಂದು ಕುಲುಮೆಯಿದೆ. ಮಚ್ಚು, ಕುಡುಗೋಲು, ಗುದ್ದಲಿ ತಟ್ಟಿಕೊಡುತ್ತಾರೆ. ಇವರು ಹೋಗಿ ಮಾತಾಡಿ, ಭಾನುವಾರಗಳಂದು ಮಗ ಕೆಲಸ ಕಲಿಯಲು ಒಪ್ಪಿಸಿದರು. ಒಂದು ದಿನ ನಾನೂ ಹೋಗಿ ಕಲ್ಲಿನ ಮೇಲೆ ಕೂತು ನೋಡಿದೆ. ಸೋದರಿಯರೇ, ಅದು ಅಡಿಗೆಯೇ! ಸುಳ್ಳಲ್ಲ.

ಲಾರಿಯ ಅಡಿಯ ಪಟ್ಟಿಯ ಒಂದು ತುಂಡನ್ನು ಕಿತ್ತಳೆಯ ಬಣ್ಣ ಬರುವವರೆಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬಣ್ಣ ಇಳಿದು ಕಪ್ಪಾಗುತ್ತಿದ್ದಂತೆ ನಿಲ್ಲಿಸಿ ಮತ್ತೆ ಬೆಂಕಿಗೆ. ತಣ್ಣಗಾದ ಕಬ್ಬಿಣ ಬಡಿದರೆ ಸೀಳುತ್ತದೆ, ಆರಿದ ಚಕ್ಕುಲಿ ಹಿಟ್ಟು ಒತ್ತಿದರೆ ಹರಿಯುವ ಹಾಗೆ. ಆಕಾರ ಬಂದ ಮೇಲೆ ಒಮ್ಮೆ ಚೆನ್ನಾಗಿ ಕಾಯಿಸಿ ಹಳೇ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅಲಗು ಬಿರುಸಾಗುತ್ತದೆ, ಆದರೆ ಕೈಜಾರಿ ಬಿದ್ದರೆ ಮುರಿದೇಹೋಗುವಷ್ಟು ಬಿರುಸು. ಹದ ಹಾಕುವುದು ಆಮೇಲೆ. ಅಲಗನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಸಣ್ಣ ಕಾವಿನ ಮೇಲೆ ಹಿಡಿದು ಕಾಯುತ್ತಾರೆ. ಬಿಳಿ ಲೋಹದ ಮೇಲೆ ಒಣಹುಲ್ಲಿನ ಬಣ್ಣ ಹರಿಯುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಹರಿತ ನಿಲ್ಲಬೇಕಾದರೆ ಹುಲ್ಲಿನ ಬಣ್ಣಕ್ಕೇ ನಿಲ್ಲಿಸಬೇಕು, ನೀಲಿಗೆ ಹೋದರೆ ಮೆತ್ತಗಾಯಿತು. ಒಂದೆಳೆ ಪಾಕ ಎರಡೆಳೆ ಆಗುವಷ್ಟರಲ್ಲಿ ಒಲೆ ಆರಿಸಬೇಕಲ್ಲ, ಅಷ್ಟೇ ಅವಧಿ.

ಮಗನ ಮೊದಲನೇ ಅಲಗು ಎಣ್ಣೆಯಲ್ಲೇ ಟಣ್ ಅಂತ ಸೀಳಿತು. ಎರಡನೇದು ಬಾಳೆಕಾಯಿಯ ಹಾಗೆ ಬಾಗಿತು. ಕಮ್ಮಾರರು ಬೈಯಲಿಲ್ಲ, "ಕಣ್ಣು ಬೆಂಕಿ ಮೇಲಿರಲಿ, ಮೊಬೈಲ್ ಮೇಲಲ್ಲ" ಅಂದರಷ್ಟೆ. ಅವರ ಬಾಯಲ್ಲಿ ಉಕ್ಕು ಅನ್ನುವ ಮಾತು ಕೇಳುವಾಗ, ಒಂದು ಕಾಲದಲ್ಲಿ ಈ ಮಾಗಡಿ, ಚನ್ನಪಟ್ಟಣದ ಸೀಮೆಯಲ್ಲೇ ಉಕ್ಕು ಕಾಯಿಸುತ್ತಿದ್ದರು, ಚನ್ನಪಟ್ಟಣದ ಉಕ್ಕಿನ ತಂತಿಗಳು ವಾದ್ಯಗಳಿಗೆ ಹೆಸರಾಗಿದ್ದವು ಎಂಬುದು ನೆನಪಾಯಿತು.

ಅಟ್ಟದಲ್ಲಿ ಹಳೇ ಆಯುಧ ಸಿಕ್ಕರೆ

ಈ ವಿಷಯ ಕೇಳಿ ನಮ್ಮ ನೆರೆಮನೆಯಾಕೆ, "ನಮ್ಮ ಮಾವನವರ ಊರಿನ ಮನೆಯಲ್ಲೂ ಅಂಥದೊಂದು ಇದೆ ಕಣ್ರೀ" ಅಂದರು. ನಿಮ್ಮಲ್ಲೂ ಇರಬಹುದು. ಮೂತಿಯಿಂದ ತುಂಬುವ ಹಳೇ ಕೋವಿ, ಪಿಸ್ತೂಲುಗಳಲ್ಲಿ ಎಷ್ಟೋ ವರ್ಷದ ಹಿಂದೆ ತುಂಬಿಸಿಟ್ಟ ಮದ್ದು ಹಾಗೇ ಇರುವುದುಂಟು. ಆದ್ದರಿಂದ ತಿಕ್ಕಲು, ಒಲೆಯ ಹತ್ತಿರ ಇಡಲು, ಕುದುರೆ ಎಳೆದು ನೋಡಲು ಹೋಗಬೇಡಿ. ಮಕ್ಕಳ ಕೈಗಂತೂ ಕೊಡಲೇಬೇಡಿ. ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಿ. ರಿಪೇರಿ ಮಾಡಿದರೂ ಹಾರಲಾರದ ಪುರಾತನ ಆಯುಧಕ್ಕೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದು ಹಾರುತ್ತದೋ ಇಲ್ಲವೋ ಎಂದು ತೀರ್ಮಾನಿಸಬೇಕಾದವರು ನಾವಲ್ಲ. ಬೆಂಗಳೂರಿನಲ್ಲಿ ಲೈಸೆನ್ಸಿನ ವಿಚಾರ ಪೊಲೀಸ್ ಕಮೀಷನರ್ ಕಚೇರಿಯದು, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳದು.

ಕುಲುಮೆಯ ಕಬ್ಬಿಣದ ಕತ್ತಿ ಇದ್ದವರಿಗೆ ಒಂದು ಮಾತು. ಹುಳಿ ಹೆಚ್ಚಿದ ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ತುಕ್ಕು ಕಂಡರೆ ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆ.

ಈ ಸಲದ ಆಯುಧಪೂಜೆಗೆ ಗಲ್ಲಿಯ ವರ್ಕ್‌ಶಾಪಿನವರೆಲ್ಲ ಲೇತಿಗೆ ಹೂ ಹಾಕಿ ಬೂದುಗುಂಬಳ ಒಡೆಯುತ್ತಿದ್ದಾಗ, ನಮ್ಮ ಮನೆಯಲ್ಲಿ ಕತ್ತರಿ, ಹೊಲಿಗೆ ಮಿಷನ್ನು, ಈಳಿಗೆಮಣೆಯ ಪಕ್ಕದಲ್ಲಿ ಮಗ ಮಾಡಿದ ಅಡಿಗೆ ಕತ್ತಿಯೂ ಕೂತಿತ್ತು. ಅವನ ಮೂರನೇ ಅಲಗು. ಸ್ವಲ್ಪ ಎಡಕ್ಕೆ ವಾಲಿದೆ, ಬೆನ್ನು ದಪ್ಪ. ಮಂಗಳೂರು ಸೌತೆಯನ್ನು ಒಂದೇ ಏಟಿಗೆ ಸೀಳುತ್ತದೆ, ಕೊತ್ತಂಬರಿ ಸೊಪ್ಪಿಗೆ ಮಾತ್ರ ನಾನು ಹಳೇ ಈಳಿಗೆಯನ್ನೇ ಹಿಡಿಯುತ್ತೇನೆ. ಹಿಡಿ ಈಗಾಗಲೇ ಅಲ್ಲಾಡಲು ಶುರುವಾಗಿದೆ. ಮುಂದಿನ ಭಾನುವಾರ ಅರಗು ತುಂಬಿಸಿ ಗಟ್ಟಿ ಮಾಡಿಕೊಂಡು ಬರುತ್ತೇನೆ ಅಂದಿದ್ದಾನೆ.